ಮಕ್ಕಳ ಜೊತೆ ಮರುಭೂಮಿ: ಐದು ದಿನಕ್ಕೆ ಎರಡೇ ಪಾರ್ಕ್ ಸಾಕು

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಇರ್ವೈನ್‌ನಲ್ಲಿದ್ದೇವೆ. ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆಯ ಐದು ದಿನದಲ್ಲಿ ಜೋಶುವಾ ಟ್ರೀ, ಡೆತ್ ವ್ಯಾಲಿ, ಝಯಾನ್, ಗ್ರ್ಯಾಂಡ್ ಕ್ಯಾನ್ಯನ್ ನಾಲ್ಕು ನ್ಯಾಷನಲ್ ಪಾರ್ಕ್‌ಗಳನ್ನೂ ಕಾರಿನಲ್ಲಿ ಸುತ್ತುವ ಆಸೆ. ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಆಗುತ್ತಾ?

ಉತ್ತರ: ಹಾಗೆ ಹೋದರೆ ಮಕ್ಕಳ ರಜೆಯೆಲ್ಲ ಕಾರ್ ಸೀಟಿನಲ್ಲೇ ಕಳೆದುಹೋಗುತ್ತದೆ. ಝಯಾನ್, ಗ್ರ್ಯಾಂಡ್ ಕ್ಯಾನ್ಯನ್ ಈ ಸಲ ಬಿಡಿ. ಉಳಿದೆರಡಕ್ಕೆ ನೀವು ಆರಿಸಿದ ಸಮಯ ಚೆನ್ನಾಗಿದೆ. ಡೆತ್ ವ್ಯಾಲಿಯ ಫರ್ನೇಸ್ ಕ್ರೀಕ್‌ನಲ್ಲಿ 1913ರ ಜುಲೈನಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಬೇಸಿಗೆಯಲ್ಲಿ ಪುಟ್ಟ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲೇಬಾರದು.

ಮೊದಲೆರಡು ರಾತ್ರಿ ಜೋಶುವಾ ಟ್ರೀ ಹತ್ತಿರ ಉಳಿಯಿರಿ. ಹಿಡನ್ ವ್ಯಾಲಿಯ ಒಂದು ಮೈಲಿ ಸುತ್ತು ಮಕ್ಕಳ ಕಾಲಿಗೆ ಸರಿಯಾಗಿದೆ. ದಾರಿಯುದ್ದಕ್ಕೂ ಬಂಡೆಗಳಿವೆ, ಹತ್ತಿ ಇಳಿಯುತ್ತಾ ನಡೆಯುತ್ತಾರೆ. ಚೋಯಾ ಕಳ್ಳಿಗಳ ತೋಟದಲ್ಲಿ ಮಾತ್ರ ಮಗನ ಕೈ ಬಿಡಬೇಡಿ. ಆ ಮುಳ್ಳಿನ ಗಂಟು ಸ್ವಲ್ಪ ತಗುಲಿದರೂ ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ಕೈಯಿಂದ ಕೀಳಬಾರದು, ಬಾಚಣಿಗೆಯಿಂದ ಎತ್ತಿ ತೆಗೆಯಬೇಕು. ಅದಕ್ಕೇ ಒಂದು ಬಾಚಣಿಗೆ ಜೇಬಿನಲ್ಲಿರಲಿ.

ಪಾರ್ಕಿನೊಳಗೆ ಪೆಟ್ರೋಲಾಗಲಿ ಊಟವಾಗಲಿ ಸಿಗುವುದಿಲ್ಲ. ನೀರು ಇರುವುದು ಅಂಚಿನ ಕೆಲವು ಕಡೆ ಮಾತ್ರ. ತಲೆಗೆ ದಿನಕ್ಕೆ ನಾಲ್ಕು ಲೀಟರ್‌ನಂತೆ ಊರಲ್ಲೇ ತುಂಬಿಸಿಕೊಳ್ಳಿ. ಆಟದಲ್ಲಿರುವ ಮಗು ನೀರು ಕೇಳುವುದಿಲ್ಲ, ನೀವೇ ಆಗಾಗ ಗುಟುಕು ಕುಡಿಸಬೇಕು. ಮೂತ್ರ ಗಾಢ ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದೇ ತಿಳಿಯಿರಿ. ಬರೀ ನೀರಿನ ಜೊತೆ ಉಪ್ಪಿನಂಶವೂ ಬೇಕು. ಒಗ್ಗರಣೆ ಅವಲಕ್ಕಿ, ಖಾರ ಮಂಡಕ್ಕಿ ಜೊತೆಗಿರಲಿ.

ಡೆತ್ ವ್ಯಾಲಿಗೆ ಬೆಳಗ್ಗೆಯೇ ಹೊರಡಿ. ನಾಲ್ಕೈದು ಗಂಟೆ ದಾರಿ, ಮಧ್ಯೆ ನಿಲ್ಲಿಸುವುದು ಬೇರೆ. ಆ ಸಮಯದಲ್ಲಿ ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಬೇಕರ್ ಊರಲ್ಲಿ ಟ್ಯಾಂಕ್ ತುಂಬಿಸಿಕೊಳ್ಳಿ. ಮುಂದೆ ಬಹುತೇಕ ಕಡೆ ಫೋನ್ ಸಿಗ್ನಲ್ ಇಲ್ಲ. ಜಿಪಿಎಸ್ ಕೆಲವೊಮ್ಮೆ ಕಚ್ಚಾ ರಸ್ತೆಗೂ ಇಳಿಸುತ್ತದೆ, ಕಾಗದದ ಮ್ಯಾಪ್ ಬೇಕೇ ಬೇಕು. ಕಾರು ಕೆಟ್ಟರೆ ಅದನ್ನು ಬಿಟ್ಟು ನಡೆದು ಹೋಗಬೇಡಿ.

ಮೆಸ್ಕೀಟ್ ಫ್ಲಾಟ್ ಮರಳುದಿಬ್ಬಗಳಿಗೆ ಬೆಳಗ್ಗೆ ಬೇಗ ಹೋಗಿ. ರಾತ್ರಿ ಓಡಾಡಿದ ಪ್ರಾಣಿಗಳ ಹೆಜ್ಜೆ ಮರಳಿನ ಮೇಲೆ ಆಗಿನ್ನೂ ಅಳಿಸಿರುವುದಿಲ್ಲ. ಇಡೀ ಪ್ರವಾಸದಲ್ಲಿ ಮಕ್ಕಳಿಗೆ ಇದೇ ಜಾಸ್ತಿ ಇಷ್ಟವಾಗುತ್ತದೆ ಎಂದು ನನ್ನ ನಂಬಿಕೆ. ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಅಲ್ಲಿ ಉಪ್ಪಿನ ಬಯಲಿನಲ್ಲಿ ಓಡಲು ಬಿಡಿ.

ಮಗಳಿಗೆ ಪಾರ್ಕಿನ ವಿಸಿಟರ್ ಸೆಂಟರ್‌ನಲ್ಲಿ ಜೂನಿಯರ್ ರೇಂಜರ್ ಪುಸ್ತಕ ಕೇಳಿ ತೆಗೆದುಕೊಳ್ಳಿ. ಅದರಲ್ಲಿನ ಚಟುವಟಿಕೆ ಮುಗಿಸಿದರೆ ರೇಂಜರ್ ಪ್ರತಿಜ್ಞೆ ಮಾಡಿಸಿ ಬ್ಯಾಡ್ಜ್ ಕೊಡುತ್ತಾರೆ. ಹಬ್ಬದ ದಿನ ಸೆಂಟರ್ ತೆರೆದಿರುತ್ತದಾ ಎಂದು ಮೊದಲೇ ನೋಡಿಕೊಳ್ಳಿ. ಡೆತ್ ವ್ಯಾಲಿಯೊಳಗೆ ತಂಗುವ ಜಾಗಗಳು ಕೆಲವೇ ಇವೆ, ರೂಮ್ ಈಗಲೇ ಬುಕ್ ಮಾಡಿ.