ಡಿಸ್ಕ್‌ನಲ್ಲಿ ಜಾಗವಿದ್ದರೂ ವಿಡಿಯೊ ಎಡಿಟರ್ ‘ಜಾಗವಿಲ್ಲ’ ಅನ್ನುವುದಕ್ಕೆ

8 ಜಿಬಿ ರ್‍ಯಾಮ್‌ನ ಕಂಪ್ಯೂಟರ್ ಡೆಬಿಯನ್ 13ಕ್ಕೆ (ಡೆಬಿಯನ್ ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಬಂದ ಮೇಲೆ ಹೀಗಾಗುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ತುಂಬಿರುವುದು ಬಹುಶಃ ಟೆಂಪ್ ಫೋಲ್ಡರ್ (/tmp), ಅಂದರೆ ಪ್ರೋಗ್ರಾಂಗಳು ತಾತ್ಕಾಲಿಕ ಫೈಲ್ ಇಡುವ ಜಾಗ. ಡೆಬಿಯನ್ 13ರಿಂದ ಟೆಂಪ್ ಇರುವುದು ರ್‍ಯಾಮ್‌ನಲ್ಲಿ. ಮಿತಿ ರ್‍ಯಾಮ್‌ನ ಅರ್ಧ. ನಿಮ್ಮ 8 ಜಿಬಿಯಲ್ಲಿ 4ರ ಆಸುಪಾಸು, ವಿಡಿಯೊಗೆ ಎಲ್ಲಿ ಸಾಕಾಗುತ್ತೆ?

ಎಡಿಟರ್ ಓಡುತ್ತಿರುವಾಗಲೇ ಟರ್ಮಿನಲ್‌ನಲ್ಲಿ ಎಲ್ಲೆಲ್ಲಿ ಎಷ್ಟು ಜಾಗ ತುಂಬಿದೆ ಅಂತ ತೋರಿಸುವ ಡಿಎಫ್ (df) ಕಮಾಂಡ್ ಕೊಡಿ. ಟೆಂಪ್ ಸಾಲಿನಲ್ಲಿ ಟಿಎಂಪಿಎಫ್‌ಎಸ್ (tmpfs, ಅಂದರೆ ರ್‍ಯಾಮ್‌ನಲ್ಲಿರುವ ಜಾಗ) ಅಂತಿದ್ದು, 100%ಕ್ಕೆ ಏರುತ್ತಿದ್ದರೆ ಇದೇ ಕಾರಣ. ಆಗ ಎಡಿಟರ್ ಸೆಟ್ಟಿಂಗ್ಸ್‌ನಲ್ಲಿ ತಾತ್ಕಾಲಿಕ ಫೈಲ್‌ಗಳನ್ನು ಹೋಮ್ ಒಳಗಿನ ಒಂದು ಫೋಲ್ಡರ್‌ಗೆ ತಿರುಗಿಸಿ. ಆ ಆಯ್ಕೆ ಸಿಗದಿದ್ದರೆ ಸಿಸ್ಟಮ್‌ಸಿಟಿಎಲ್‌ನಿಂದ (systemctl, ಸಿಸ್ಟಮ್‌ನ ಸೇವೆಗಳನ್ನು ನಿಯಂತ್ರಿಸುವ ಕಮಾಂಡ್) ‘ಟೆಂಪ್ ಡಾಟ್ ಮೌಂಟ್’ (tmp.mount) ಯುನಿಟ್ ಮಾಸ್ಕ್ ಮಾಡಿ, ಅಂದರೆ ಅದು ಶುರುವಾಗದಂತೆ ತಡೆದು, ರೀಬೂಟ್ ಮಾಡಿ. ಟೆಂಪ್ ಡಿಸ್ಕ್‌ಗೆ ಮರಳುತ್ತದೆ.

ಟೆಂಪ್‌ನ ಮಿತಿ ಮಾತ್ರ ಸುಮ್ನೆ ಏರಿಸಬೇಡಿ. ನನ್ನ 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ 6 ಮಾಡಿದ್ದೆ, ಎಲ್ಲವೂ ಸ್ವಾಪ್‌ಗೆ (ರ್‍ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಬಿದ್ದು ಮೌಸ್ ಕೂಡ ಅಲುಗಲಿಲ್ಲ. ರೀಬೂಟ್‌ಗೆ ಮುಂಚೆ ಟೆಂಪ್‌ನಲ್ಲಿ ಬೇಕಾದ ಫೈಲ್ ಇದ್ದರೆ ತೆಗೆದಿಟ್ಟುಕೊಳ್ಳಿ, ಆಮೇಲೆ ಸಿಗುವುದಿಲ್ಲ.