ಭೀಮ–ದುರ್ಯೋಧನ: ನಿಯಮ ಮುರಿಯದಿದ್ದರೆ?

ತೊಡೆಗೆ ಹೊಡೆಯದೆ, ನಿಯಮದ ಪ್ರಕಾರವೇ ಗದಾಯುದ್ಧ ನಡೆದಿದ್ದರೆ ಭೀಮ ಗೆಲ್ತಿದ್ನಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಇಲ್ಲ. ಭೀಮನ ಅಭಿಮಾನಿಗಳು ಬೈದರೂ ಪರವಾಗಿಲ್ಲ!

ಇದು ನನ್ನ ಮಾತಲ್ಲ, ವ್ಯಾಸಭಾರತದ ಶಲ್ಯಪರ್ವದಲ್ಲಿ ಕೃಷ್ಣನೇ ಅರ್ಜುನನಿಗೆ ಹೇಳೋದು: ಇಬ್ಬರಿಗೂ ಸಿಕ್ಕ ಪಾಠ ಒಂದೇ, ಬಲದಲ್ಲಿ ಭೀಮ ಮೇಲು, ಆದರೆ ಅಭ್ಯಾಸದಲ್ಲಿ ದುರ್ಯೋಧನ ಮೇಲು, ನ್ಯಾಯವಾಗಿ ಹೋರಾಡಿದರೆ ಭೀಮ ಗೆಲ್ಲೋದಿಲ್ಲ. ಕಾರಣವೂ ಅಲ್ಲೇ ಇದೆ. ಪಾಂಡವರು ವನವಾಸ, ಅಜ್ಞಾತವಾಸದಲ್ಲಿದ್ದ 13 ವರ್ಷ ದುರ್ಯೋಧನ ಕಬ್ಬಿಣದ ಭೀಮನನ್ನು ಮಾಡಿಸಿಕೊಂಡು ಅದರ ಮೇಲೆ ಗದೆ ಬೀಸಿ ಅಭ್ಯಾಸ ಮಾಡಿದ್ದ. ಆ ಹೊತ್ತಲ್ಲಿ ಭೀಮ ಏನು ಮಾಡ್ತಿದ್ದ? ಕೊನೇ ವರ್ಷವಂತೂ ವಿರಾಟನ ಮನೆಯಲ್ಲಿ ಸೌಟು ಹಿಡಿದಿದ್ದ.

ಅದೇ ಗದೆ ಬಿಟ್ಟು ಬರಿಗೈ ಮಲ್ಲಯುದ್ಧ ಇಟ್ಟಿದ್ದರೆ ಕಥೆ ಬೇರೆ. ಹಿಡಿಂಬ, ಬಕ, ಜರಾಸಂಧ, ಕೀಚಕ ಎಲ್ಲರೂ ಸತ್ತಿದ್ದು ಭೀಮನ ಕೈಯಲ್ಲೇ. ಅಲ್ಲಿ ದುರ್ಯೋಧನ ನಿಲ್ಲೋದು ಕಷ್ಟ.

ಇನ್ನೊಂದು: ಐವರಲ್ಲಿ ಯಾರನ್ನಾದರೂ ಒಬ್ಬನನ್ನು ಸೋಲಿಸು, ರಾಜ್ಯ ನಿನ್ನದೇ ಅಂತ ದುರ್ಯೋಧನನಿಗೆ ಧರ್ಮರಾಯ ಬಾಯಿ ತಪ್ಪಿ ಹೇಳಿಬಿಟ್ಟಿದ್ದ. ಸಹದೇವನನ್ನು ಕರೆದಿದ್ದರೆ ಮುಗಿದೇ ಹೋಗ್ತಿತ್ತು. ಹಾಗೆ ಮಾಡಲಿಲ್ಲ ನೋಡಿ, ಪಂಪ 'ಛಲದೊಳ್ ದುರ್ಯೋಧನಂ' ಅಂದಿದ್ದು ಸುಮ್ಮನೆ ಅಲ್ಲ.

ರನ್ನನ ಗದಾಯುದ್ಧ ಓದಿ ಭೀಮನ ಪರ ವಾದಿಸೋದಾದರೆ ಒಂದು ನೆನಪಿರಲಿ, ಅಲ್ಲಿ ಭೀಮ ಅಂದರೆ ಕವಿಗೆ ಆಶ್ರಯ ಕೊಟ್ಟ ಚಾಲುಕ್ಯ ಸತ್ಯಾಶ್ರಯನೂ ಹೌದು. ಸೋಲಿಸೋಕೆ ಆಗುತ್ತಾ?