ಮೈಸೂರಿನ ಕೋಲಾ ಎಲ್ಲಿ ಹೋಯಿತು?

ಮೈಸೂರಿನ ಓದುಗರೊಬ್ಬರ ಪತ್ರ: "ನಮ್ಮೂರಿನ ಸಿಎಫ್‌ಟಿಆರ್‌ಐನವರೇ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಒಂದು ಸರ್ಕಾರಿ ಕೋಲಾ ಮಾಡಿದ್ದರು ಅಂತ ಅಪ್ಪ ಹೇಳುತ್ತಾರೆ. ಮನೆಯಲ್ಲಿ ಎಲ್ಲರೂ ನಗುತ್ತೇವೆ. ನಿಜವಾ? ನಿಜವಾದರೆ, ರುಚಿ ಇಲ್ಲದೆ ಸತ್ತು ಹೋಯಿತಾ?"

ಸಂಪಾದಕರ ಉತ್ತರ:

ನಗಬೇಡಿ, ಅಪ್ಪ ಹೇಳಿದ್ದು ನಿಜ. ಅದರ ಹೆಸರು ಡಬಲ್ ಸೆವೆನ್. ಹುಟ್ಟಿಗೆ ಕಾರಣವಾದ ವರ್ಷವೇ ಅದರ ಹೆಸರು.

1977ರಲ್ಲಿ ಜನತಾ ಸರ್ಕಾರ ಬಂತು. ವಿದೇಶಿ ವಿನಿಮಯ ಕಾಯ್ದೆಯಂತೆ ಕೋಕಾ-ಕೋಲಾ ಇಲ್ಲಿನ ತನ್ನ ಕಂಪನಿಯಲ್ಲಿದ್ದ ಪಾಲನ್ನು ಶೇ. 40ಕ್ಕೆ ಇಳಿಸಬೇಕಿತ್ತು. ಜೊತೆಗೆ ತಯಾರಿಕೆಯ ಗುಟ್ಟನ್ನೂ ಇಲ್ಲಿಯವರಿಗೆ ಕೊಡಿ ಎಂದಿತು ಸರ್ಕಾರ. ಗುಟ್ಟು ಬಿಡಲು ಒಪ್ಪದ ಕಂಪನಿ ಗಂಟುಮೂಟೆ ಕಟ್ಟಿತು. ಆಗಿನ ಕೈಗಾರಿಕಾ ಮಂತ್ರಿ ಜಾರ್ಜ್ ಫರ್ನಾಂಡಿಸ್, ಮಂಗಳೂರಿನಲ್ಲಿ ಹುಟ್ಟಿದವರು. ಬದಲಿ ಕೋಲಾದ ಫಾರ್ಮುಲಾ ಸಿದ್ಧವಾದದ್ದು ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿರುವ ಇದೇ ಸಿಎಫ್‌ಟಿಆರ್‌ಐನಲ್ಲಿ. ಓಡಿಸಿದವರೂ ನಮ್ಮವರೇ, ಬದಲಿ ಹುಡುಕಿದವರೂ ನಮ್ಮವರೇ!

ಮಾರುವ ಹೊಣೆ ಬಿದ್ದದ್ದು ಮಾಡರ್ನ್ ಬೇಕರೀಸ್ ಮೇಲೆ. ಹೌದು, ಬ್ರೆಡ್ ಮಾಡುತ್ತಿದ್ದ ಅದೇ ಸರ್ಕಾರಿ ಕಂಪನಿ. ಎಡವಟ್ಟಾದದ್ದು ಇಲ್ಲೇ ಅಂತ ನನಗನ್ನಿಸುತ್ತದೆ. ಬ್ರೆಡ್ಡನ್ನು ಅಂಗಡಿಗೆ ಹಾಕಿದರೆ ಕೆಲಸ ಮುಗೀತು. ಆ ಕಾಲದ ಕೋಲಾ ಹಾಗಲ್ಲ. ಗಾಜಿನ ಬಾಟಲಿ. ಅಂಗಡಿಯವನು ಐಸ್ ಪೆಟ್ಟಿಗೆಯಿಂದ ತೆಗೆದು, ಒರೆಸಿ, ಓಪನರ್‌ನಿಂದ ಮುಚ್ಚಳ ಹಾರಿಸಿ ಕೊಡಬೇಕು. ನೀವು ಅಲ್ಲೇ ನಿಂತು ಕುಡಿದು ಖಾಲಿ ಬಾಟಲಿ ವಾಪಸ್ ಕೊಡಬೇಕು. ಮನೆಗೆ ಒಯ್ಯುತ್ತೇನೆ ಅಂದರೆ ಡಿಪಾಸಿಟ್ ಇಡು ಅನ್ನುತ್ತಿದ್ದರು. ಆ ಖಾಲಿ ಬಾಟಲಿಗಳು ಕ್ರೇಟ್‌ನಲ್ಲಿ ಕಾರ್ಖಾನೆಗೆ ಹೋಗಿ, ತೊಳೆಸಿಕೊಂಡು, ತುಂಬಿಸಿಕೊಂಡು ಮತ್ತೆ ಬರಬೇಕು. ಈ ಓಡಾಟ ನಿಂತರೆ ಕೋಲಾನೂ ನಿಂತಂತೆ.

ಅದರಲ್ಲಿ ಪಳಗಿದವರು ಬೇರೆ ಇದ್ದರು. ಕ್ಯಾಂಪಾ ಕೋಲಾ ತಂದ ಪ್ಯೂರ್ ಡ್ರಿಂಕ್ಸ್‌ನವರು ಮೊದಲು ಕೋಕಾ-ಕೋಲಾವನ್ನೇ ಬಾಟಲಿಗೆ ತುಂಬುತ್ತಿದ್ದವರು. ಥಮ್ಸ್ ಅಪ್ ತಂದ ಪಾರ್ಲೆಯವರ ಕಿತ್ತಳೆ ಪಾನೀಯ ಗೋಲ್ಡ್ ಸ್ಪಾಟ್ ಆಗಲೇ ಅಂಗಡಿಗಳಲ್ಲಿ ಇತ್ತು. ಅವರ ಮುಂದೆ ಬ್ರೆಡ್ಡಿನವರು ಎಷ್ಟು ದಿನ ನಿಂತಾರು? 1980ರಲ್ಲಿ ಇಂದಿರಾ ಗಾಂಧಿ ಮತ್ತೆ ಬಂದರು. ಹಿಂದಿನ ಸರ್ಕಾರದ ಕೂಸನ್ನು ಹೊಸಬರು ಎತ್ತಿ ಆಡಿಸುತ್ತಾರಾ? ಡಬಲ್ ಸೆವೆನ್ ಮರೆಗೆ ಸರಿಯಿತು. 1993ರಲ್ಲಿ ಕೋಕಾ-ಕೋಲಾ ವಾಪಸ್ ಬಂದು ಥಮ್ಸ್ ಅಪ್, ಗೋಲ್ಡ್ ಸ್ಪಾಟ್ ಎರಡನ್ನೂ ಕೊಂಡಿತು. ಆಮೇಲೆ ಗೋಲ್ಡ್ ಸ್ಪಾಟೂ ಮಾಯ.

ರುಚಿಯ ಮಾತಿಗೆ ನಿಮ್ಮ ಅಪ್ಪನೇ ಸಾಕ್ಷಿ. ಕೇಳಿ ಬರೆಯಿರಿ: ಯಾವ ಅಂಗಡಿಯಲ್ಲಿ ಕುಡಿದಿದ್ದರು, ತಣ್ಣಗಿತ್ತಾ, ಇಲ್ಲಾ ಬೆಚ್ಚಗೇ ಕೊಟ್ಟಿದ್ದರಾ?